ಹಗುರ ವೈರ್‌ಲೆಸ್ ಗೇಮಿಂಗ್ ಮೌಸ್: ಬಾಕ್ಸ್ ತೆರೆದ ಮೇಲೆ ಏನನ್ನು, ಯಾವ ಕ್ರಮದಲ್ಲಿ ಪರೀಕ್ಷಿಸಬೇಕು?

ಗೇಮಿಂಗ್ ಮೌಸ್‌ನ ಬಾಕ್ಸ್ ಮೇಲೆ ಮೂರು ಸಂಖ್ಯೆಗಳು ಎದ್ದು ಕಾಣುತ್ತವೆ. ತೂಕ ಇಷ್ಟು ಗ್ರಾಂ, ಡಿಪಿಐ (ಒಂದು ಇಂಚು ಸರಿದಾಗ ಮೌಸ್ ಎಣಿಸುವ ಹೆಜ್ಜೆಗಳು) ಇಷ್ಟು ಸಾವಿರ, ಪೋಲಿಂಗ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರ್‌ಗೆ ವರದಿ ಕಳಿಸುತ್ತದೆ ಎನ್ನುವುದು) ಇಷ್ಟು ಹರ್ಟ್ಜ್. ಮೂರೂ ಅಳೆಯಲು ಸುಲಭ, ಅಚ್ಚು ಹಾಕಲು ಇನ್ನೂ ಸುಲಭ. ಆದರೆ ಆ ಮೌಸ್ ನಿಮ್ಮ ಕೈಗೆ ಕೂರುತ್ತದೆಯೇ? ಕ್ಲಿಕ್ ಸಡಿಲವಾಗಿದೆಯೇ? ನಿಮ್ಮ ಮೇಜಿನ ಮೇಲೆ ಸಿಗ್ನಲ್ ಕಡಿಯುತ್ತದೆಯೇ? ಇದನ್ನೆಲ್ಲ ಯಾವ ಬಾಕ್ಸೂ ಹೇಳುವುದಿಲ್ಲ.

ಹಾಗಾಗಿ ನಾನು ಹೊಸ ಮೌಸ್ ನೋಡುವ ಕ್ರಮ ಬಾಕ್ಸ್‌ನ ಕ್ರಮಕ್ಕಿಂತ ಬೇರೆ. ಮೊದಲು ಆಕಾರ, ಅದರ ಜೊತೆಗೇ ತೂಕ. ಆಮೇಲೆ ಬಟನ್‌ಗಳು. ಆಮೇಲೆ ವೈರ್‌ಲೆಸ್. ಸೆನ್ಸರ್ (ಚಲನೆ ಓದುವ ತಳದ ಕಣ್ಣು) ಮತ್ತು ಪೋಲಿಂಗ್ ರೇಟ್ ಹತ್ತಿರ ಹತ್ತಿರ ಕೊನೆಗೆ. ಆಕಾರ ಹೊಂದದಿದ್ದರೆ ಉಳಿದ ಪರೀಕ್ಷೆಗಳನ್ನು ಮಾಡುವ ಗೋಜಿಗೇ ಹೋಗಬೇಕಿಲ್ಲ, ವಾಪಸ್ ಕಳಿಸಿದರೆ ಆಯಿತು.

ಶುರು ಮಾಡುವ ಮುಂಚೆ ಕೆಲವು ಸಾಮಾನು ಹತ್ತಿರ ಇಟ್ಟುಕೊಳ್ಳಿ: ಒಂದು ಸ್ಕೇಲು, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದೆರಡು ಹಳೇ ಸಿಡಿ, ನೀವು ಈಗ ಬಳಸುತ್ತಿರುವ ಮೌಸ್. ಹೊಸ ಮೌಸ್ ಎಷ್ಟು ದಿನದೊಳಗೆ ವಾಪಸ್ ಕೊಡಬಹುದು ಅಂತ ಮೊದಲೇ ನೋಡಿಕೊಳ್ಳಿ. ಪರೀಕ್ಷೆ ಮುಗಿಯುವವರೆಗೆ ಕೈ ಜಾರದಂತೆ ಹಾಕುವ ಗ್ರಿಪ್ ಟೇಪ್ ಅಂಟಿಸಬೇಡಿ, ಬಾಕ್ಸ್ ಎಸೆಯಬೇಡಿ.

1. ಕೈ ಅಳೆದು ಆಕಾರ ನೋಡಿ

ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಕೈಯ ಉದ್ದ ಅಳೆಯಿರಿ. ಹೆಬ್ಬೆರಳು ಬಿಟ್ಟು ಅಂಗೈಯ ಅಗಲವನ್ನೂ ಅಳೆಯಿರಿ. ಮೌಸ್‌ನ ಉದ್ದ ಕೈಯ ಉದ್ದದ ಶೇಕಡಾ 60ರಷ್ಟು ಇರಬೇಕು ಎಂಬ ಲೆಕ್ಕ ಆಟಗಾರರ ನಡುವೆ ಓಡಾಡುತ್ತದೆ. ಕೈ 19 ಸೆಂಟಿಮೀಟರ್ ಇದ್ದರೆ ಮೌಸ್ ಸುಮಾರು 11.4 ಸೆಂಟಿಮೀಟರ್ ಎಂದಾಯಿತು. ಇದನ್ನು ಕಾನೂನು ಅಂದುಕೊಳ್ಳಬೇಡಿ. ಲಾಜಿಟೆಕ್‌ನ ಜಿ ಪ್ರೋ ಎಕ್ಸ್ ಸೂಪರ್‌ಲೈಟ್ 12.5 ಸೆಂಟಿಮೀಟರ್ ಉದ್ದವಿದೆ. ಈ ಲೆಕ್ಕದ ಪ್ರಕಾರ ಅದು ಸುಮಾರು 21 ಸೆಂಟಿಮೀಟರ್ ಕೈಯವರಿಗೆ ಮಾತ್ರ ಸರಿ. ಅದಕ್ಕಿಂತ ಚಿಕ್ಕ ಕೈಯ ಎಷ್ಟೋ ಜನ ಅದನ್ನೇ ಖುಷಿಯಾಗಿ ಬಳಸುತ್ತಾರೆ.

ಉದ್ದಕ್ಕಿಂತ ಜಾಸ್ತಿ ಮುಖ್ಯವಾದದ್ದು ಹಿಡಿತ. ಅಂಗೈ ಪೂರ್ತಿ ಮೌಸ್ ಮೇಲೆ ಕೂತರೆ ಅದು ಪಾಮ್ ಗ್ರಿಪ್. ಅಂಗೈಯ ಹಿಂಭಾಗ ಮಾತ್ರ ತಾಗಿ ಬೆರಳು ಬಾಗಿ ನಿಂತರೆ ಕ್ಲಾ. ಬೆರಳ ತುದಿ ಬಿಟ್ಟು ಬೇರೇನೂ ತಾಗದಿದ್ದರೆ ಫಿಂಗರ್‌ಟಿಪ್. ನಿಮ್ಮದು ಯಾವುದು ಅಂತ ಯೋಚಿಸಿ ಹೇಳಲು ಹೋಗಬೇಡಿ, ತಪ್ಪುತ್ತದೆ. ಆಟದ ಮಧ್ಯೆ ಕೈಯನ್ನು ಹಾಗೇ ನಿಲ್ಲಿಸಿ ನೋಡಿ, ಇಲ್ಲವೇ ಪಕ್ಕದಲ್ಲಿ ಫೋನ್ ಇಟ್ಟು ವಿಡಿಯೋ ಮಾಡಿ. ಮೇಜಿನ ಮುಂದೆ ಸುಮ್ನೆ ಕೂತಾಗ ಹಿಡಿಯುವ ರೀತಿಯೇ ಬೇರೆ, ಎದುರಾಳಿ ಕಂಡಾಗ ಹಿಡಿಯುವ ರೀತಿಯೇ ಬೇರೆ.

ಪಾಮ್ ಗ್ರಿಪ್‌ನವರಿಗೆ ಮೌಸ್‌ನ ಉಬ್ಬು ಅಂಗೈಯನ್ನು ತುಂಬಬೇಕು. ಕ್ಲಾ ಹಿಡಿತದವರಿಗೆ ಉಬ್ಬು ಹಿಂಭಾಗದಲ್ಲಿದ್ದರೆ ಅಂಗೈ ಒರಗಲು ಜಾಗ ಸಿಗುತ್ತದೆ. ಫಿಂಗರ್‌ಟಿಪ್‌ನವರಿಗೆ ಮೌಸ್ ಗಿಡ್ಡವಾಗಿ, ತಗ್ಗಾಗಿ ಇರಬೇಕು. ಇಲ್ಲದಿದ್ದರೆ ಬೆರಳು ಮಡಚಿ ಮೌಸ್‌ನ್ನು ಹಿಂದಕ್ಕೆ ಎಳೆದಾಗ ಅದರ ಬಾಲ ಅಂಗೈಗೆ ಬಡಿಯುತ್ತದೆ. ಎರಡೂ ಬದಿ ಒಂದೇ ತರ ಇರುವ ಮೌಸ್ ಬೇಕೋ, ಬಲಗೈಗೆಂದೇ ವಾಲಿಸಿದ್ದು ಬೇಕೋ ಎನ್ನುವುದು ರುಚಿಯ ಪ್ರಶ್ನೆ. ಮೈಕ್ರೋಸಾಫ್ಟ್‌ನ ಹಳೆಯ ಇಂಟೆಲ್ಲಿಮೌಸ್ ಎಕ್ಸ್‌ಪ್ಲೋರರ್ 3.0ರ ಆಕಾರದ ಛಾಯೆ ಇವತ್ತಿನ ಎಷ್ಟೋ ಬಲಗೈ ಮೌಸ್‌ಗಳಲ್ಲಿ ಇನ್ನೂ ಕಾಣುತ್ತದೆ. ಒಳ್ಳೆಯ ಆಕಾರ ಬೇಗ ಹಳತಾಗುವುದಿಲ್ಲ.

ಈಗ ಪರೀಕ್ಷೆ. ಕಣ್ಣು ಮುಚ್ಚಿ ಮೌಸ್ ಹಿಡಿಯಿರಿ, ಬಿಡಿ, ಮತ್ತೆ ಹಿಡಿಯಿರಿ. ಕೈ ಪ್ರತಿ ಸಲ ಒಂದೇ ಜಾಗದಲ್ಲಿ ಕೂರುತ್ತದೆಯೇ? ಹೆಬ್ಬೆರಳು ಮತ್ತು ಉಂಗುರ ಬೆರಳಿನಿಂದ ಮೌಸ್‌ನ್ನು ಎತ್ತಿ ಬೇರೆ ಕಡೆ ಇಡಿ. ಪಕ್ಕದ ಗೋಡೆಗಳು ಕೆಳಗೆ ಹೋಗುತ್ತಾ ಸ್ವಲ್ಪ ಒಳಗೆ ವಾಲಿದ್ದರೆ ಬೆರಳಿಗೆ ಆಧಾರ ಸಿಕ್ಕಿ ಎತ್ತುವುದು ಸಲೀಸು. ನೇರವಾಗಿದ್ದರೆ ಅಥವಾ ಕೆಳಗೆ ಅಗಲವಾಗಿದ್ದರೆ ಬಿಗಿಯಾಗಿ ಹಿಂಡಬೇಕಾಗುತ್ತದೆ. ಒಂದು ಗಂಟೆ ಆಡಿದ ಮೇಲೆ ಎಲ್ಲಿ ನೋಯುತ್ತದೆ ಅಂತ ಗಮನಿಸಿ. ಕಿರುಬೆರಳು ಪ್ಯಾಡ್‌ಗೆ ಉಜ್ಜುತ್ತಿದ್ದರೆ ಮೌಸ್ ನಿಮಗೆ ಕಿರಿದಾಯಿತು. ಹೆಬ್ಬೆರಳಿನ ಬುಡ ಬಿಗಿಯುತ್ತಿದ್ದರೆ ನೀವು ಅಗತ್ಯಕ್ಕಿಂತ ಜಾಸ್ತಿ ಹಿಂಡುತ್ತಿದ್ದೀರಿ. ಇದಕ್ಕೆ ಕಾರಣ ಆಕಾರವೂ ಇರಬಹುದು, ಜಾರುವ ಕೋಟಿಂಗ್ ಕೂಡ ಇರಬಹುದು. ಕೋಟಿಂಗ್‌ನ ದೋಷವಾದರೆ ಗ್ರಿಪ್ ಟೇಪ್‌ನಿಂದ ಸರಿಹೋಗುತ್ತದೆ. ಆಕಾರದ ದೋಷಕ್ಕೆ ಮದ್ದಿಲ್ಲ.

2. ತೂಗಿ, ಆದರೆ ಗ್ರಾಂಗೆ ಮರುಳಾಗಬೇಡಿ

2018ರಲ್ಲಿ ಲಾಜಿಟೆಕ್‌ನ ಜಿ ಪ್ರೋ ವೈರ್‌ಲೆಸ್ 80 ಗ್ರಾಂ ತೂಕದೊಂದಿಗೆ ಬಂದಾಗ ವೈರ್‌ಲೆಸ್ ಮೌಸ್ ಇಷ್ಟು ಹಗುರ ಇರಬಹುದು ಎನ್ನುವುದೇ ಸುದ್ದಿ. 2019ರಲ್ಲಿ ಗ್ಲೋರಿಯಸ್‌ನ ಮಾಡೆಲ್ ಓ ಮೈತುಂಬ ತೂತುಗಳೊಂದಿಗೆ 67 ಗ್ರಾಂಗೆ ಇಳಿಯಿತು, ಅದಕ್ಕೆ ವೈರ್ ಇತ್ತು. 2020ರ ಸೂಪರ್‌ಲೈಟ್ ತೂತುಗಳೇ ಇಲ್ಲದೆ 63 ಗ್ರಾಂನೊಳಗೆ ಬಂತು. 2024ರ ರೇಜರ್ ವೈಪರ್ ವಿ3 ಪ್ರೋ 54 ಗ್ರಾಂ. ಅಂದರೆ ತೂತು ಕೊರೆದು ತೂಕ ಇಳಿಸುವ ಕಾಲ ಬಹುತೇಕ ಮುಗಿದಿದೆ. ಈಗ ತೂತುಗಳು ಇದ್ದರೂ ಹೆಚ್ಚಾಗಿ ಮೌಸ್‌ನ ತಳದಲ್ಲಿ ಮಾತ್ರ.

ತಕ್ಕಡಿಯ ಮೇಲೆ ಇಟ್ಟು ನೋಡಿ. ಕೇಬಲ್, ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ರಿಸೀವರ್) ಇಲ್ಲದೆ ಮೌಸ್ ಮಾತ್ರ. ಒಂದೆರಡು ಗ್ರಾಂ ಆಚೀಚೆ ಬಂದರೆ ತಲೆಕೆಡಿಸಿಕೊಳ್ಳಬೇಡಿ. ಐದಾರು ಗ್ರಾಂ ಜಾಸ್ತಿ ಬಂದರೆ ಪ್ರಶ್ನೆ ಕೇಳಬಹುದು.

ಹಗುರ ಮೌಸ್‌ನಿಂದ ನಿಜವಾಗಿ ಆಗುವ ಲಾಭ ಏನು? ಪ್ಯಾಡ್ ಮೇಲಿನ ಘರ್ಷಣೆ ತೂಕಕ್ಕೆ ತಕ್ಕಂತೆ ಇಳಿಯುತ್ತದೆ. ಮೌಸ್ ಹೊರಡಿಸಲು, ನಿಲ್ಲಿಸಲು ಬೇಕಾದ ಬಲವೂ ಇಳಿಯುತ್ತದೆ. ಆದರೆ ಇಲ್ಲಿ ಜಾಹೀರಾತು ಹೇಳದ ಒಂದು ಲೆಕ್ಕ ಇದೆ. ದೊಡ್ಡವರ ಕೈಯ ಪಂಜವೇ ಸುಮಾರು 400 ಗ್ರಾಂ ತೂಗುತ್ತದೆ, ಮುಂಗೈ ಅದಕ್ಕಿಂತ ಎಷ್ಟೋ ಜಾಸ್ತಿ. ಇಡೀ ತೋಳು ಬೀಸಿ ಗುರಿ ಹಿಡಿಯುವವರು ಅಷ್ಟೂ ಭಾರವನ್ನು ಹೇಗೂ ತಳ್ಳುತ್ತಾರೆ. ಅವರಿಗೆ 60 ಗ್ರಾಂ ಮತ್ತು 54 ಗ್ರಾಂ ನಡುವಿನ ವ್ಯತ್ಯಾಸ ಗೊತ್ತಾಗುವುದು ಕಷ್ಟ. 100ರಿಂದ 60ಕ್ಕೆ ಬಂದರೆ ಯಾರಿಗಾದರೂ ಗೊತ್ತಾಗುತ್ತದೆ. ಬೆರಳಿನಿಂದಷ್ಟೇ ಮೌಸ್ ಆಡಿಸುವ ಫಿಂಗರ್‌ಟಿಪ್‌ನವರಿಗೆ ಮಾತ್ರ ಪ್ರತಿ ಹತ್ತು ಗ್ರಾಂ ಕೂಡ ಲೆಕ್ಕಕ್ಕೆ ಬರುತ್ತದೆ. ಅವರು 40-50 ಗ್ರಾಂನ ಮೌಸ್ ಹುಡುಕುವುದರಲ್ಲಿ ಅರ್ಥವಿದೆ.

ಮೌಸ್ ತೀರಾ ಹಗುರವಾದರೆ ಕೆಲವರಿಗೆ ಗುರಿ ದಾಟಿ ಹೋಗುತ್ತದೆ, ಸ್ಕೋಪ್ ಹಾಕಿದಾಗ ಕೈ ನಡುಗಿದಂತೆ ಕಾಣುತ್ತದೆ. ಇದು ಮೌಸ್‌ನ ದೋಷ ಅಲ್ಲ. ಕೆಲವು ದಿನ ಕೊಟ್ಟು ನೋಡಿ. ಆಗಲೂ ಹಾಗೇ ಇದ್ದರೆ ಸ್ವಲ್ಪ ನಿಧಾನದ, ಒರಟು ಬಟ್ಟೆಯ ಪ್ಯಾಡ್ ಹಾಕಿದರೆ ಹತೋಟಿಗೆ ಬರುತ್ತದೆ.

ತೂಕ ಎಲ್ಲಿ ಕೂತಿದೆ ಎನ್ನುವುದನ್ನೂ ನೋಡಿ. ಸೆನ್ಸರ್‌ನ ನೇರಕ್ಕೆ ಮೌಸ್‌ನ ಅಡಿಯಲ್ಲಿ ಒಂದು ಪೆನ್ಸಿಲ್ ಅಡ್ಡ ಇಟ್ಟು ತೂಗಾಡಿಸಿ. ಬಾಲ ಥಟ್ಟನೆ ಕೆಳಗೆ ಬಿದ್ದರೆ ಎತ್ತುವಾಗಲೂ ಬಾಲ ಜೋಲುತ್ತದೆ. ಹಿಂಬದಿಯಲ್ಲಿ ಎಎ ಬ್ಯಾಟರಿ ಹಾಕುವ ಮೌಸ್‌ಗಳಲ್ಲಿ ಇದು ಸಾಮಾನ್ಯ. ಒಂದು ಆಲ್ಕಲೈನ್ ಎಎ ಸೆಲ್ ಸುಮಾರು 23 ಗ್ರಾಂ, ಲಿಥಿಯಂ ಎಎ ಸುಮಾರು 15 ಗ್ರಾಂ. ಅಂಥ ಮೌಸ್ ನಿಮ್ಮ ಹತ್ತಿರ ಇದ್ದರೆ ಸೆಲ್ ಬದಲಿಸಿದರೇ ಎಂಟು ಗ್ರಾಂ ಇಳಿಯಿತು, ಅದೂ ಹಿಂಬದಿಯಿಂದ.

3. ಹಿಂಡಿ, ಅಲುಗಾಡಿಸಿ

ತೂಕ ಇಳಿಸಲು ಪ್ಲಾಸ್ಟಿಕ್ ತೆಳು ಮಾಡುತ್ತಾರೆ. ಹಾಗಾಗಿ ಗಟ್ಟಿತನ ನೋಡಲೇಬೇಕು. ಎರಡೂ ಪಕ್ಕ ಹಿಡಿದು ಹಿಂಡಿ, ಮೇಲಿನ ಉಬ್ಬನ್ನು ಒತ್ತಿ, ತಿರುಗಿಸಿ ತಳವನ್ನೂ ಒತ್ತಿ. ಸಣ್ಣ ಕಿರ್ ಸದ್ದು ಬಂದರೆ ಅದೊಂದೇ ಕಾರಣಕ್ಕೆ ಮೌಸ್ ತಿರಸ್ಕರಿಸಬೇಕಿಲ್ಲ. ಆಟದಲ್ಲಿ ಯಾರೂ ಅಷ್ಟು ಹಿಂಡುವುದಿಲ್ಲ. ಆದರೆ ಹಿಂಡಿದಾಗ ಪಕ್ಕದ ಬಟನ್ ತಾನಾಗಿಯೇ ಕ್ಲಿಕ್ ಆದರೆ, ತಳ ಒತ್ತಿದಾಗ ಶೆಲ್ ಒಳಗೆ ಬಗ್ಗಿ ಏನಾದರೂ ತಾಗಿದರೆ, ಮೇಲಿನ ಬಟನ್ ಪಕ್ಕದ ಪ್ಲಾಸ್ಟಿಕ್‌ಗೆ ಉಜ್ಜಿದರೆ, ವಾಪಸ್ ಕಳಿಸಿ. ಅಲುಗಾಡಿಸಿದಾಗ ವೀಲ್ ಅಥವಾ ಪಕ್ಕದ ಬಟನ್ ಸ್ವಲ್ಪ ಗಲಗಲ ಅನ್ನುವುದು ಮಾಮೂಲು. ಒಳಗೆ ಬ್ಯಾಟರಿಯೇ ಓಡಾಡುವ ಸದ್ದು ಬಂದರೆ ಮಾಮೂಲು ಅಲ್ಲ.

4. ಕ್ಲಿಕ್‌ಗೆ ಸಮಯ ಕೊಡಿ

ಮೌಸ್‌ನಲ್ಲಿ ಬೇಗ ಕೆಡುವ ಭಾಗ ಇದೇ. ಆದರೂ ವಿಮರ್ಶೆಗಳಲ್ಲಿ ಕ್ಲಿಕ್ ಬಗ್ಗೆ ಒಂದೆರಡು ಸಾಲಿಗಿಂತ ಜಾಸ್ತಿ ಸಿಗುವುದು ಅಪರೂಪ.

ಎಡ ಬಟನ್‌ನ್ನು ತುಂಬಾ ನಿಧಾನವಾಗಿ ಒತ್ತಿ. ಕ್ಲಿಕ್ ಆಗುವ ಮುಂಚೆ ಬಟನ್ ಎಷ್ಟು ದೂರ ಸುಮ್ನೆ ಇಳಿಯುತ್ತದೆ? ಆದ ಮೇಲೆ ಇನ್ನೂ ಎಷ್ಟು ಇಳಿಯುತ್ತದೆ? ಮೊದಲಿನದು ಜಾಸ್ತಿಯಿದ್ದರೆ ಕ್ಲಿಕ್ ತಡವಾದಂತೆ ಅನ್ನಿಸುತ್ತದೆ. ಎರಡನೆಯದು ಜಾಸ್ತಿಯಿದ್ದರೆ ಬಟನ್ ಮೆತ್ತಗೆ ಅನ್ನಿಸುತ್ತದೆ, ಪಟಪಟ ಒತ್ತುವಾಗ ಬೆರಳು ಬೇಗ ದಣಿಯುತ್ತದೆ. ಬಟನ್‌ನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ತಳ್ಳಿ ನೋಡಿ, ಅಲುಗಾಡಬಾರದು. ಈಗ ಮುಂದಿನ ತುದಿಯಲ್ಲಿ ಒತ್ತಿ, ನಡುವೆ ಒತ್ತಿ, ಹಿಂದೆ ಒತ್ತಿ. ಹಿಂದೆ ಹೋದಷ್ಟೂ ಬಿಗಿಯಾಗುವುದು ಸಹಜ. ಆದರೆ ನಿಮ್ಮ ಬೆರಳು ನಿಜವಾಗಿ ಕೂರುವ ಜಾಗದಲ್ಲಿ ಹೇಗಿದೆ ಎನ್ನುವುದೇ ಮುಖ್ಯ. ಕ್ಲಾ ಹಿಡಿತದ ಬೆರಳು ಹಿಂದಕ್ಕೆ ಬಾಗಿರುತ್ತದೆ, ಹಾಗಾಗಿ ಪಾಮ್ ಹಿಡಿತದವರು ಹೊಗಳಿದ ಕ್ಲಿಕ್ ಅವರಿಗೆ ಗಟ್ಟಿ ಅನ್ನಿಸಬಹುದು. ಎಡ ಮತ್ತು ಬಲ ಬಟನ್ ಎರಡೂ ಒಂದೇ ತರ ಇವೆಯೇ ಅಂತಲೂ ನೋಡಿ. ಹೆಚ್ಚು ಬೆಲೆಯ ಮೌಸ್‌ಗಳಲ್ಲೂ ಇದು ತಪ್ಪುತ್ತದೆ.

ಒಳಗಿನ ಸ್ವಿಚ್ ಎರಡು ಬಗೆ. ಮೆಕ್ಯಾನಿಕಲ್ ಸ್ವಿಚ್‌ನಲ್ಲಿ ಲೋಹದ ಪಟ್ಟಿಯೊಂದು ಇನ್ನೊಂದಕ್ಕೆ ತಾಗುತ್ತದೆ. ತಾಗುವಾಗ ಒಂದು ಕ್ಷಣ ಕುಪ್ಪಳಿಸುತ್ತದೆ, ಆ ಕುಪ್ಪಳಿಕೆಯನ್ನು ಎರಡು ಕ್ಲಿಕ್ ಎಂದು ಎಣಿಸದಂತೆ ಮೌಸ್‌ನೊಳಗಿನ ಪ್ರೋಗ್ರಾಂ ಆದ ಫರ್ಮ್‌ವೇರ್ ಸ್ವಲ್ಪ ಕಾಯುತ್ತದೆ. ಇದಕ್ಕೆ ಡಿಬೌನ್ಸ್ ಎನ್ನುತ್ತಾರೆ. ವರ್ಷಗಳು ಕಳೆದಂತೆ ಲೋಹ ಸವೆದು, ಕಿಲುಬು ಹಿಡಿದು ಕುಪ್ಪಳಿಕೆ ಜಾಸ್ತಿಯಾದಾಗ ಒಂದು ಸಲ ಒತ್ತಿದರೆ ಎರಡು ಕ್ಲಿಕ್ ಆಗುವ ಕಾಯಿಲೆ ಶುರುವಾಗುತ್ತದೆ. ಆಪ್ಟಿಕಲ್ ಸ್ವಿಚ್‌ನಲ್ಲಿ ಬೆಳಕಿನ ಕಿರಣ ಅಡ್ಡಗಟ್ಟಿದಾಗ ಅಥವಾ ತೆರೆದಾಗ ಕ್ಲಿಕ್ ದಾಖಲಾಗುತ್ತದೆ. ಲೋಹ ತಾಗುವ ಮಾತಿಲ್ಲ, ಆ ಕಾಯಿಲೆಯೂ ಇಲ್ಲ. ಒತ್ತಿದ ಅನುಭವ ಮಾತ್ರ ಕೆಲವರಿಗೆ ಮೆಕ್ಯಾನಿಕಲ್‌ನಷ್ಟು ಹಿಡಿಸುವುದಿಲ್ಲ. ಬಹಳ ವರ್ಷ ಒಂದೇ ಮೌಸ್ ಬಳಸುವವರಾದರೆ ನನ್ನ ಮತ ಆಪ್ಟಿಕಲ್‌ಗೆ.

ಮೂರು ಪರೀಕ್ಷೆ ಮಾಡಿ. ಡಬಲ್ ಕ್ಲಿಕ್ ಪರೀಕ್ಷಿಸುವ ಪುಟಗಳು ಇಂಟರ್ನೆಟ್‌ನಲ್ಲಿ ಬೇಕಾದಷ್ಟಿವೆ, ಅಲ್ಲಿ ಒಂದೊಂದಾಗಿ ನೂರಿನ್ನೂರು ಸಲ ಒತ್ತಿ, ಎರಡು ಎಂದು ಒಮ್ಮೆಯೂ ಬರಬಾರದು. ಆಮೇಲೆ ಒಂದು ಫೈಲ್‌ನ್ನು ಒತ್ತಿ ಹಿಡಿದು ಸ್ಕ್ರೀನ್ ತುಂಬಾ ನಿಧಾನವಾಗಿ ಎಳೆದಾಡಿ, ನಡುವೆ ಕೈ ಬಿಟ್ಟು ಬೀಳಬಾರದು. ಕೊನೆಗೆ, ಮೌಸ್ ಎತ್ತಿ ಪ್ಯಾಡ್ ಮೇಲೆ ಸ್ವಲ್ಪ ಜೋರಾಗಿ ಇಡಿ. ಕ್ಲಿಕ್ ದಾಖಲಾಯಿತೇ? ಹಗುರ ಸ್ಪರ್ಶದ ಬಟನ್ ಇರುವ ಮೌಸ್‌ಗಳಲ್ಲಿ ಹೀಗೆ ಆಗುವುದುಂಟು. ಕಡಿಮೆ ಸೆನ್ಸಿಟಿವಿಟಿಯಲ್ಲಿ (ಕೈ ಜಾಸ್ತಿ ಸರಿದರೂ ಗುರಿ ಕಡಿಮೆ ಓಡುವ ಸೆಟ್ಟಿಂಗ್) ಆಡುತ್ತಾ ಪದೇ ಪದೇ ಮೌಸ್ ಎತ್ತಿ ಇಡುವವರಿಗೆ ಇದು ದೊಡ್ಡ ತಲೆನೋವು, ಬಚ್ಚಿಟ್ಟುಕೊಂಡಿರುವಾಗ ಗುಂಡು ಹಾರಿದರೆ ಕಥೆ ಮುಗಿಯಿತು ಅಲ್ವಾ.

ಡಿಬೌನ್ಸ್ ಬದಲಿಸುವ ಸೌಲಭ್ಯ ಸಾಫ್ಟ್‌ವೇರ್‌ನಲ್ಲಿ ಇದ್ದರೆ ಸೊನ್ನೆಗೆ ಇಳಿಸುವ ಆಸೆ ಆಗುತ್ತದೆ. ಮೆಕ್ಯಾನಿಕಲ್ ಸ್ವಿಚ್ ಇದ್ದರೆ ಬೇಡ. ಮೌಸ್ ಬಂದ ಹಾಗೇ ಇರುವ ಸೆಟ್ಟಿಂಗ್‌ನಲ್ಲಿ ಈ ಮೂರೂ ಪರೀಕ್ಷೆ ಪಾಸಾದ ಮೇಲೆ ಒಂದೊಂದೇ ಮಿಲಿಸೆಕೆಂಡ್ ಇಳಿಸುತ್ತಾ ಹೋಗಿ.

5. ವೀಲ್ ಮತ್ತು ಪಕ್ಕದ ಬಟನ್

ಬೇಗ ಮುಗಿಯುವ ಕೆಲಸ. ವೀಲ್ ಒಂದೊಂದೇ ಹಲ್ಲು ತಿರುಗಿಸಿ, ಪ್ರತಿ ಹಲ್ಲಿಗೂ ಒಂದು ಸ್ಕ್ರೋಲ್ ಆಗಬೇಕು, ಹಿಮ್ಮುಖ ಜಿಗಿಯಬಾರದು. ವೀಲ್ ಒತ್ತುವಾಗ ಅದು ತಿರುಗಿಬಿಟ್ಟರೆ ನಡುವಿನ ಬಟನ್ ನಂಬಿ ಆಟದ ಯಾವ ಕೆಲಸವನ್ನೂ ಅದಕ್ಕೆ ಜೋಡಿಸಬೇಡಿ. ಪಕ್ಕದ ಬಟನ್‌ಗಳಿಗೆ ಹೆಬ್ಬೆರಳು ಹಿಡಿತ ಬದಲಿಸದೆ ತಲುಪಬೇಕು, ಎತ್ತುವಾಗ ಮಾತ್ರ ತಾಗಬಾರದು.

6. ತಳದ ಸ್ಕೇಟ್

ಸ್ಕೇಟ್ ಎಂದರೆ ಮೌಸ್ ಜಾರಲು ತಳಕ್ಕೆ ಅಂಟಿಸಿರುವ ನುಣುಪು ಪಟ್ಟಿ. ಮೊದಲು ಅದರ ಮೇಲಿನ ತೆಳು ಪ್ಲಾಸ್ಟಿಕ್ ಪದರ ತೆಗೆಯಿರಿ. ನಗಬೇಡಿ, ಅದನ್ನು ತೆಗೆಯದೆ ಮೌಸ್ ಜಾರುವುದೇ ಇಲ್ಲ ಎಂದು ಗೊಣಗುವವರು ಬಹಳ ಇದ್ದಾರೆ. ಒಳ್ಳೆಯ ಮೌಸ್‌ಗಳಲ್ಲಿ ಸ್ಕೇಟ್ ಪಿಟಿಎಫ್‌ಇ ಎಂಬ ವಸ್ತುವಿನದು, ಅಂದರೆ ಅಂಟದ ಬಾಣಲೆಗೆ ಹಚ್ಚುವ ಅದೇ ಪ್ಲಾಸ್ಟಿಕ್. ಅಂಚು ದುಂಡಗಿದೆಯೇ ಅಂತ ಬೆರಳಾಡಿಸಿ. ಚೂಪು ಅಂಚು ಬಟ್ಟೆಯ ಪ್ಯಾಡ್‌ಗೆ ಕೊರೆಯುತ್ತದೆ. ಕೈಭಾರ ಹಾಕದೆ ಮೌಸ್‌ನ್ನು ಪ್ಯಾಡ್ ಮೇಲೆ ನಿಧಾನವಾಗಿ ಎಂಟರ ಆಕಾರದಲ್ಲಿ ಓಡಿಸಿ. ಯಾವ ದಿಕ್ಕಿನಲ್ಲೂ ತಡೆಯಬಾರದು. ಹೊಸದರಲ್ಲಿ ಸ್ವಲ್ಪ ಗರಗರ ಅನ್ನಿಸಿದರೆ ಕೆಲವು ಗಂಟೆ ಬಳಸಿದ ಮೇಲೆ ನುಣುಪಾಗುತ್ತದೆ. ತಳ ಸಮ ಇಲ್ಲದೆ ಮೌಸ್ ಒಂದು ಮೂಲೆಯಲ್ಲಿ ಟಕಟಕ ಅಂದರೆ ಅದು ಸರಿಹೋಗುವುದಿಲ್ಲ.

7. ವೈರ್‌ಲೆಸ್: ಇಲ್ಲಿ ಮೌಸ್ ಜೊತೆ ನಿಮ್ಮ ಮೇಜಿಗೂ ಪರೀಕ್ಷೆ

ವೈರ್‌ಲೆಸ್ ಮೌಸ್ ತಡ ಮಾಡುತ್ತದೆ ಎನ್ನುವುದು ಹಳೆಯ ಕಾಲದ ಮಾತು. ಒಳ್ಳೆಯ 2.4 ಗಿಗಾಹರ್ಟ್ಜ್ ಡಾಂಗಲ್ ಇರುವ ಮೌಸ್ ಇವತ್ತು ವೈರ್ ಮೌಸ್‌ಗೆ ಸಮ. ಬ್ಲೂಟೂತ್ ಮಾತ್ರ ಬೇರೆ. ಬ್ಲೂಟೂತ್ ಮೌಸ್ ಸಾಮಾನ್ಯವಾಗಿ ಸೆಕೆಂಡಿಗೆ ನೂರಿಪ್ಪತ್ತು, ನೂರಮೂವತ್ತು ಸಲ ಅಷ್ಟೇ ವರದಿ ಕಳಿಸುತ್ತದೆ. ಆಫೀಸ್ ಕೆಲಸಕ್ಕೆ ಸಾಕು, ಆಟಕ್ಕೆ ಬೇಡ.

ಸಿಗ್ನಲ್ ಕಡಿದರೆ ಎಲ್ಲರೂ ಮೌಸ್‌ಗೆ ಬೈಯುತ್ತಾರೆ. ಕಾರಣ ಹೆಚ್ಚಾಗಿ ಡಾಂಗಲ್ ಚುಚ್ಚಿದ ಜಾಗ. ಯುಎಸ್‌ಬಿ 3.0 ಪೋರ್ಟ್ ಮತ್ತು ಕೇಬಲ್‌ಗಳು ಡೇಟಾ ಓಡಿಸುವಾಗ 2.4 ಗಿಗಾಹರ್ಟ್ಜ್ ಪಟ್ಟಿಯಲ್ಲೇ ಗದ್ದಲ ಹೊಮ್ಮಿಸುತ್ತವೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ಒಂದು ತಾಂತ್ರಿಕ ಪತ್ರ ಹೊರತಂದಿತ್ತು. ಅದೇ ಪಟ್ಟಿಯಲ್ಲಿ ವೈಫೈ ರೂಟರ್ ಮಾತಾಡುತ್ತದೆ, ಬ್ಲೂಟೂತ್ ಹೆಡ್‌ಫೋನ್ ಮಾತಾಡುತ್ತದೆ. ಡಾಂಗಲ್ ಕಂಪ್ಯೂಟರ್‌ನ ಹಿಂಬದಿಯಲ್ಲಿ, ಹೊರಗಿನ ಹಾರ್ಡ್‌ಡಿಸ್ಕ್‌ನ ಪಕ್ಕದಲ್ಲಿ, ಲೋಹದ ಪೆಟ್ಟಿಗೆಯ ಮರೆಯಲ್ಲಿ ಕೂತಿದ್ದರೆ ಪಾಪ ಮೌಸ್ ಏನು ಮಾಡಬೇಕು?

ಬಾಕ್ಸ್‌ನಲ್ಲಿ ಒಂದು ಎಕ್ಸ್‌ಟೆನ್ಶನ್ ಕೇಬಲ್ ಅಥವಾ ಅಡಾಪ್ಟರ್ ಇರುತ್ತದೆ. ಅದನ್ನು ಬಳಸಿ ಡಾಂಗಲ್‌ನ್ನು ಮೌಸ್‌ಪ್ಯಾಡ್‌ನ ಹತ್ತಿರ, 20-30 ಸೆಂಟಿಮೀಟರ್ ದೂರದಲ್ಲಿ, ಮೌಸ್‌ಗೆ ಎದುರಾಗಿ ಇಡಿ. ಪರೀಕ್ಷೆಯನ್ನು ಎರಡು ಸಲ ಮಾಡಿ, ಹಿಂಬದಿಯ ಪೋರ್ಟ್‌ನಲ್ಲಿ ಒಮ್ಮೆ, ಹೀಗೆ ಹತ್ತಿರ ತಂದು ಒಮ್ಮೆ. ಪೋಲಿಂಗ್ ರೇಟ್‌ನ ಗ್ರಾಫ್ ತೋರಿಸುವ ಉಚಿತ ಸಾಫ್ಟ್‌ವೇರ್ ಇವೆ, ಮೌಸ್‌ಟೆಸ್ಟರ್ ಅಂಥದ್ದೊಂದು. ಮೌಸ್‌ನ್ನು ಗುಂಡಗೆ ತಿರುಗಿಸುತ್ತಾ ದಾಖಲಿಸಿ. 1000 ಹರ್ಟ್ಜ್‌ನಲ್ಲಿ ವರದಿಗಳ ನಡುವಿನ ಅಂತರ 1 ಮಿಲಿಸೆಕೆಂಡ್‌ನ ಆಸುಪಾಸಿನಲ್ಲಿ ಚುಕ್ಕಿಗಳ ಗೆರೆಯಾಗಿ ಕಾಣಬೇಕು. ಅಲ್ಲೊಂದು ಇಲ್ಲೊಂದು ಚುಕ್ಕಿ 2ಕ್ಕೆ ಹಾರಿದರೆ ಪರವಾಗಿಲ್ಲ. ಗುಂಪುಗುಂಪಾಗಿ 5, 10, 20ಕ್ಕೆ ಹಾರಿದರೆ ಮೌಸ್ ಕಳಿಸಿದ ವರದಿಯ ಪ್ಯಾಕೆಟ್‌ಗಳು ಕಳೆದುಹೋಗುತ್ತಿವೆ. ಡಾಂಗಲ್ ಹತ್ತಿರ ತಂದ ಮೇಲೆ ಇದು ನಿಂತರೆ ಮೌಸ್‌ದು ತಪ್ಪಿಲ್ಲ. ಹತ್ತಿರ ತಂದರೂ ನಿಲ್ಲದಿದ್ದರೆ, ವೈಫೈಯನ್ನು 5 ಗಿಗಾಹರ್ಟ್ಜ್‌ಗೆ ಬದಲಿಸಿ ಇನ್ನೊಮ್ಮೆ ನೋಡಿ. ಆಗಲೂ ಹಾಗೇ ಇದ್ದರೆ ಮೌಸ್ ವಾಪಸ್.

ವಿಳಂಬ ಅಳೆಯುವ ಉಪಕರಣ ಮನೆಯಲ್ಲಿ ಯಾರ ಹತ್ತಿರವೂ ಇರುವುದಿಲ್ಲ. ಒಂದು ನಾಟಿ ದಾರಿ ಇದೆ. ಹಳೆಯ ವೈರ್ ಮೌಸ್ ಮತ್ತು ಹೊಸ ಮೌಸ್ ಎರಡನ್ನೂ ಒಂದೇ ಕಂಪ್ಯೂಟರ್‌ಗೆ ಜೋಡಿಸಿ, ಎರಡರ ಎಡ ಬಟನ್‌ಗಳನ್ನು ಒಂದಕ್ಕೊಂದು ಎದುರು ಹಿಡಿದು ಡಿಕ್ಕಿ ಹೊಡೆಸಿ. ಎರಡು ಮೌಸ್‌ಗಳ ಕ್ಲಿಕ್‌ನ್ನು ಬೇರೆ ಬೇರೆಯಾಗಿ ದಾಖಲಿಸುವ ಸಾಫ್ಟ್‌ವೇರ್‌ನಲ್ಲಿ ಯಾವುದು ಮೊದಲು ಬಂತು ಅಂತ ನೋಡಿ. ಬಹಳ ಸಲ ಮಾಡಿ ಸರಾಸರಿ ತೆಗೆದರೆ ಮಾತ್ರ ಇದಕ್ಕೆ ಅರ್ಥ. ಒಂದೆರಡು ಮಿಲಿಸೆಕೆಂಡ್ ವ್ಯತ್ಯಾಸ ಬಂದರೆ ಅದು ಡಿಬೌನ್ಸ್‌ನದ್ದೂ ಇರಬಹುದು, ಬಟನ್ ಇಳಿಯುವ ದೂರದ್ದೂ ಇರಬಹುದು. ಹತ್ತು ಹನ್ನೆರಡು ಮಿಲಿಸೆಕೆಂಡ್ ಹಿಂದೆ ಬಿದ್ದರೆ ಏನೋ ಸರಿಯಿಲ್ಲ.

8. ಸೆನ್ಸರ್

26,000 ಡಿಪಿಐ, 30,000 ಡಿಪಿಐ ಎನ್ನುವ ಸಂಖ್ಯೆಗಳನ್ನು ಮರೆತುಬಿಡಿ. ಶೂಟಿಂಗ್ ಆಟ ಆಡುವವರು ಹೆಚ್ಚಾಗಿ ಬಳಸುವುದು 400ರಿಂದ 1600. ಪಿಕ್ಸ್‌ಆರ್ಟ್ ಕಂಪನಿಯ ಪಿಎಡಬ್ಲ್ಯು3395 ಎಂಬ ಸೆನ್ಸರ್ ಬಹಳಷ್ಟು ಹಗುರ ಮೌಸ್‌ಗಳಲ್ಲಿ ಇದೆ. ಅದರ ವೇಗದ ಮಿತಿ ಸೆಕೆಂಡಿಗೆ 650 ಇಂಚು, ಅಂದರೆ ಸುಮಾರು 16.5 ಮೀಟರ್. ಪ್ಯಾಡ್ ಮೇಲೆ ಕೈ ಆ ವೇಗದ ಹತ್ತಿರವೂ ಹೋಗುವುದಿಲ್ಲ. ಹಾಗಾಗಿ ಹೆಸರಿರುವ ಸೆನ್ಸರ್ ಇದ್ದರೆ ಅದು ಒಳ್ಳೆಯದೋ ಕೆಟ್ಟದ್ದೋ ಎನ್ನುವ ಚರ್ಚೆ ಬೇಕಿಲ್ಲ. ಅದನ್ನು ಹೇಗೆ ಕೂರಿಸಿದ್ದಾರೆ, ಫರ್ಮ್‌ವೇರ್ ಹೇಗಿದೆ ಎನ್ನುವುದನ್ನಷ್ಟೇ ನೋಡಬೇಕು.

ಮೊದಲು ವಿಂಡೋಸ್‌ನಲ್ಲಿ ಪಾಯಿಂಟರ್ ನಿಖರತೆ ಹೆಚ್ಚಿಸುವ ಆಯ್ಕೆಯನ್ನು ಆಫ್ ಮಾಡಿ. ಹೆಸರು ಏನೇ ಇರಲಿ, ಅದು ವೇಗಕ್ಕೆ ತಕ್ಕಂತೆ ಕರ್ಸರ್‌ನ ದೂರ ಬದಲಿಸುತ್ತದೆ. ಡಿಪಿಐ 800ಕ್ಕೆ ಇಡಿ. ಸ್ಕೇಲ್ ಪಕ್ಕದಲ್ಲಿಟ್ಟು ಮೌಸ್‌ನ್ನು ಸರಿಯಾಗಿ 25.4 ಸೆಂಟಿಮೀಟರ್, ಅಂದರೆ 10 ಇಂಚು ನೇರ ಸರಿಸಿ. ಕಚ್ಚಾ ಎಣಿಕೆ ತೋರಿಸುವ ಸಾಫ್ಟ್‌ವೇರ್‌ನಲ್ಲಿ 8000 ಬರಬೇಕು. 8300 ಬಂದರೆ ನಿಮ್ಮ 800 ನಿಜವಾಗಿ 830. ಇದು ದೋಷ ಅಂತ ವಾಪಸ್ ಕಳಿಸುವಷ್ಟು ದೊಡ್ಡದಲ್ಲ, ಆದರೆ ಗೊತ್ತಿರಬೇಕು. ಹಳೆಯ ಮೌಸ್‌ಗೂ ಇದೇ ಅಳತೆ ಮಾಡಿ. ಎರಡರ ವ್ಯತ್ಯಾಸ ತಿಳಿಯದೆ ಅದೇ ಸೆನ್ಸಿಟಿವಿಟಿ ಇಟ್ಟು ಆಡಿದರೆ ಗುರಿ ತಪ್ಪುತ್ತದೆ, ಬೈಗುಳ ತೂಕಕ್ಕೆ ಬೀಳುತ್ತದೆ.

ಮೌಸ್ ಎತ್ತಿದಾಗ ಎಷ್ಟು ಎತ್ತರದವರೆಗೆ ಸೆನ್ಸರ್ ಓದುತ್ತಲೇ ಇರುತ್ತದೆ ಎನ್ನುವುದು ಇನ್ನೊಂದು ಅಳತೆ. ಒಂದು ಸಿಡಿ 1.2 ಮಿಲಿಮೀಟರ್ ದಪ್ಪ. ಸೆನ್ಸರ್‌ನ ಕಣ್ಣಿಗೆ ಪ್ಯಾಡ್ ಕಾಣುವಂತೆ ಸ್ಕೇಟ್‌ಗಳ ಕೆಳಗೆ ಮಾತ್ರ ಸಿಡಿ ಇಟ್ಟು, ಮೌಸ್ ಮತ್ತು ಸಿಡಿಗಳನ್ನು ಒಟ್ಟಿಗೆ ಸರಿಸಿ. ಒಂದು ಸಿಡಿಯ ಎತ್ತರದಲ್ಲಿ ಕರ್ಸರ್ ನಿಂತರೆ ಬಹಳ ಚೆನ್ನ. ಎರಡರ ಎತ್ತರದಲ್ಲೂ ಓಡುತ್ತಿದ್ದರೆ ಮೌಸ್ ಎತ್ತಿ ಇಡುವಾಗಲೆಲ್ಲ ಗುರಿ ಕದಲುತ್ತದೆ. ಸಾಫ್ಟ್‌ವೇರ್‌ನಲ್ಲಿ 1 ಮಿಲಿಮೀಟರ್, 2 ಮಿಲಿಮೀಟರ್ ಎನ್ನುವ ಆಯ್ಕೆ ಇದ್ದರೆ ಕಡಿಮೆಯದನ್ನು ಇಡಿ. ಪ್ಯಾಡ್ ಬದಲಾದರೆ ಈ ಎತ್ತರವೂ ಬದಲಾಗುತ್ತದೆ, ಹಾಗಾಗಿ ನೀವು ನಿಜವಾಗಿ ಆಡುವ ಪ್ಯಾಡ್ ಮೇಲೆಯೇ ನೋಡಿ. ಗಾಜಿನ ಪ್ಯಾಡ್ ಇದ್ದವರಂತೂ ಈ ಹೆಜ್ಜೆ ಬಿಡಲೇಬಾರದು.

ಪೇಂಟ್ ತೆರೆದು ಅಡ್ಡಕ್ಕೂ ಉದ್ದಕ್ಕೂ ನಿಧಾನ ಗೆರೆ ಎಳೆಯಿರಿ. ಕೈ ಎಳೆದ ಗೆರೆ ಸ್ವಲ್ಪ ಸೊಟ್ಟ ಇರಲೇಬೇಕು. ಸ್ಕೇಲ್ ಇಟ್ಟು ಎಳೆದಷ್ಟು ನೇರ ಬಂದರೆ ಗೆರೆಯನ್ನು ತಾನೇ ತಿದ್ದುವ ಆ್ಯಂಗಲ್ ಸ್ನ್ಯಾಪಿಂಗ್ ಆನ್ ಆಗಿದೆ, ಆಫ್ ಮಾಡಿ.

ಸೆನ್ಸರ್ ಎಲ್ಲಿದೆ ಎನ್ನುವುದೂ ಅನುಭವ ಬದಲಿಸುತ್ತದೆ. ಮಣಿಕಟ್ಟು ತಿರುಗಿಸಿದಾಗ ಮೌಸ್ ಒಂದು ಕಮಾನಿನಲ್ಲಿ ಸಾಗುತ್ತದೆ. ಸೆನ್ಸರ್ ಮುಂದಿದ್ದಷ್ಟೂ ಅದು ಸಾಗುವ ದೂರ ಜಾಸ್ತಿ, ಕರ್ಸರ್ ಓಟವೂ ಜಾಸ್ತಿ. ಹಳೆಯ ಮೌಸ್‌ನಲ್ಲಿ ಸೆನ್ಸರ್ ನಡುವೆ ಇದ್ದು ಹೊಸದರಲ್ಲಿ ಮುಂದೆ ಇದ್ದರೆ, ಡಿಪಿಐ ಒಂದೇ ಇದ್ದರೂ ಹೊಸದು ಚುರುಕು ಅನ್ನಿಸುತ್ತದೆ.

9. 8000 ಹರ್ಟ್ಜ್ ಬೇಕೇ?

1000 ಹರ್ಟ್ಜ್ ಎಂದರೆ 1 ಮಿಲಿಸೆಕೆಂಡಿಗೊಂದು ವರದಿ, 8000 ಎಂದರೆ 0.125 ಮಿಲಿಸೆಕೆಂಡಿಗೊಂದು. ಉಳಿತಾಯ ಸರಾಸರಿ ಅರ್ಧ ಮಿಲಿಸೆಕೆಂಡಿಗಿಂತಲೂ ಕಡಿಮೆ. 144 ಹರ್ಟ್ಜ್ ಮಾನಿಟರ್‌ನಲ್ಲಿ ಒಂದು ಫ್ರೇಮೇ ಸುಮಾರು 6.9 ಮಿಲಿಸೆಕೆಂಡ್ ಇರುತ್ತದೆ. ಇನ್ನೊಂದು ವಿಷಯ: 800 ಡಿಪಿಐನಲ್ಲಿ ಸೆಕೆಂಡಿಗೆ 8000 ಎಣಿಕೆ ಹುಟ್ಟಬೇಕಾದರೆ ಮೌಸ್ ಸೆಕೆಂಡಿಗೆ 10 ಇಂಚು ಓಡಬೇಕು. ಸೂಕ್ಷ್ಮವಾಗಿ ಗುರಿ ಸರಿಪಡಿಸುವಾಗ ಅಷ್ಟು ವೇಗ ಇರುವುದಿಲ್ಲ, ಹೇಳಲು ಹೊಸ ಎಣಿಕೆಯೇ ಇರುವುದಿಲ್ಲ. ಅದರ ಮೇಲೆ ಪ್ರೊಸೆಸರ್‌ಗೆ ಕೆಲಸ ಜಾಸ್ತಿ, ಕೆಲವು ಆಟಗಳು ಮುಗ್ಗರಿಸುತ್ತವೆ. 1000, 2000, 4000ರಲ್ಲಿ ಒಂದೊಂದು ದಿನ ಆಡಿ. ವ್ಯತ್ಯಾಸ ಗೊತ್ತಾಗದಿದ್ದರೆ 1000 ಸಾಕು. ಈ ಒಂದು ಸಂಖ್ಯೆಗಾಗಿ ಮಾತ್ರ ಹೆಚ್ಚಿಗೆ ದುಡ್ಡು ಕೊಡಬೇಡಿ ಎನ್ನುವುದು ನನ್ನ ಅಭಿಪ್ರಾಯ.

10. ಬ್ಯಾಟರಿ

ಪೋಲಿಂಗ್ ರೇಟ್‌ನ ನಿಜವಾದ ಬೆಲೆ ಕಾಣುವುದು ಇಲ್ಲಿ. ವೈಪರ್ ವಿ3 ಪ್ರೋಗೆ ರೇಜರ್ ಹೇಳುವ ಲೆಕ್ಕ 1000 ಹರ್ಟ್ಜ್‌ನಲ್ಲಿ 95 ಗಂಟೆ, 8000ದಲ್ಲಿ 17 ಗಂಟೆ. ಬಾಕ್ಸ್ ಮೇಲೆ ಬ್ಯಾಟರಿ ಗಂಟೆ ದೊಡ್ಡದಾಗಿ, ಪೋಲಿಂಗ್ ರೇಟೂ ದೊಡ್ಡದಾಗಿ ಇರುತ್ತವೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಪೂರ್ತಿ ಚಾರ್ಜ್ ಮಾಡಿ, ನೀವು ಆಡುವ ಸೆಟ್ಟಿಂಗ್‌ನಲ್ಲೇ ಆಡಿ, ದಿನಕ್ಕೆ ಶೇಕಡಾ ಎಷ್ಟು ಇಳಿಯುತ್ತದೆ ಅಂತ ಬರೆದಿಡಿ. ರಾತ್ರಿ ಸುಮ್ನೆ ಬಿಟ್ಟು ಬೆಳಿಗ್ಗೆ ನೋಡಿ. ಒಂದೇ ರಾತ್ರಿಗೆ ಹತ್ತು ಹದಿನೈದು ಶೇಕಡಾ ಇಳಿದಿದ್ದರೆ ಮೌಸ್ ನಿದ್ದೆಗೆ ಹೋಗುತ್ತಿಲ್ಲ. ಎದ್ದೇಳುವುದನ್ನೂ ಪರೀಕ್ಷಿಸಿ. ಹತ್ತು ನಿಮಿಷ ಮುಟ್ಟದೆ ಬಿಟ್ಟು ಥಟ್ಟನೆ ಸರಿಸಿ. ಕರ್ಸರ್ ತಕ್ಷಣ ಬರಬೇಕು, ಒಂದು ಕ್ಲಿಕ್‌ಗಾಗಿ ಕಾಯಬಾರದು. ಚಾರ್ಜ್ ಆಗುತ್ತಿರುವಾಗ ಕೇಬಲ್ ಜೊತೆಗೇ ಆಡಲು ಆಗುತ್ತದೆಯೇ, ಕೇಬಲ್ ಮೆತ್ತಗಿದೆಯೇ, ಅದರ ಮೂತಿ ಪ್ಯಾಡ್‌ಗೆ ಉಜ್ಜುತ್ತದೆಯೇ ಎನ್ನುವುದೂ ನೋಡಬೇಕು. ಪೋರ್ಟ್ ಆಳವಾದ ಗುಂಡಿಯಲ್ಲಿದ್ದರೆ ಬೇರೆ ಸಾಮಾನ್ಯ ಕೇಬಲ್ ಒಳಗೆ ಹೋಗುವುದಿಲ್ಲ.

11. ಸಾಫ್ಟ್‌ವೇರ್

ಡಿಪಿಐ, ಬಟನ್, ಪೋಲಿಂಗ್ ರೇಟ್ ಎಲ್ಲ ಹೊಂದಿಸಿ ಸೇವ್ ಮಾಡಿ. ಸಾಫ್ಟ್‌ವೇರ್ ಮುಚ್ಚಿ, ಡಾಂಗಲ್ ಕಿತ್ತು ಬೇರೆ ಕಂಪ್ಯೂಟರ್‌ಗೆ ಹಾಕಿ. ಸೆಟ್ಟಿಂಗ್ ಹಾಗೇ ಇದ್ದರೆ ಮೌಸ್‌ನ ಒಳಗೇ ಮೆಮೊರಿ ಇದೆ, ಇನ್ನು ಆ ಸಾಫ್ಟ್‌ವೇರ್ ಹಿನ್ನೆಲೆಯಲ್ಲಿ ಓಡುತ್ತಾ ಇರಬೇಕಿಲ್ಲ. ಕೆಲವು ಕಂಪನಿಗಳು ಬ್ರೌಸರ್‌ನಲ್ಲೇ ತೆರೆಯುವ ಸೆಟ್ಟಿಂಗ್ ಪುಟ ಕೊಡುತ್ತವೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಇದ್ದರೆ ಅದೇ ಒಳ್ಳೆಯದು. ಫರ್ಮ್‌ವೇರ್ ಅಪ್‌ಡೇಟ್ ಬಂದಿದ್ದರೆ ಮೌಸ್ ಮತ್ತು ಡಾಂಗಲ್ ಎರಡಕ್ಕೂ ಹಾಕಿ, ಆಮೇಲೆ ಏಳನೇ ಹೆಜ್ಜೆಯ ಗ್ರಾಫ್‌ನ್ನು ಇನ್ನೊಮ್ಮೆ ತೆಗೆಯಿರಿ.

12. ಈಗ ಆಡಿ

ಹಳೆಯ ಮೌಸ್‌ನಲ್ಲಿ ಆಟದೊಳಗೆ ಒಂದು ಗುರುತು ನೋಡುತ್ತಾ ಪೂರ್ತಿ ಒಂದು ಸುತ್ತು ತಿರುಗಲು ಪ್ಯಾಡ್ ಮೇಲೆ ಎಷ್ಟು ಸೆಂಟಿಮೀಟರ್ ಬೇಕು ಎಂದು ಅಳೆಯಿರಿ. ಹೊಸದರಲ್ಲೂ ಅದೇ ದೂರ ಬರುವವರೆಗೆ ಸೆನ್ಸಿಟಿವಿಟಿ ತಿದ್ದಿ. ಎರಡು ಮೌಸ್‌ಗಳನ್ನು ನ್ಯಾಯವಾಗಿ ಹೋಲಿಸಲು ಇದಕ್ಕಿಂತ ಸರಳ ದಾರಿ ಇಲ್ಲ.

ಮೊದಲ ದಿನದ ಸ್ಕೋರ್ ನಂಬಬೇಡಿ. ಹೊಸ ವಸ್ತುವಿನ ಹುರುಪಿನಲ್ಲಿ ಚೆನ್ನಾಗಿ ಆಡಿಬಿಡಬಹುದು, ಅಭ್ಯಾಸ ಇಲ್ಲದೆ ಕೆಟ್ಟದಾಗಿಯೂ ಆಡಬಹುದು. ಒಂದು ವಾರ ಹೊಸದರಲ್ಲೇ ಆಡಿ, ಆಮೇಲೆ ಒಂದು ದಿನ ಹಳೆಯದಕ್ಕೆ ವಾಪಸ್ ಹೋಗಿ. ಆ ದಿನ ಹಳೆಯ ಮೌಸ್ ಕೈಗೆ ಬಂದಾಗ ಏನು ಅನ್ನಿಸಿತು? ಅದು ಇಟ್ಟಿಗೆಯಂತೆ ಭಾರ ಅನ್ನಿಸಿದರೆ ಹೊಸದನ್ನು ಇಟ್ಟುಕೊಳ್ಳಿ. ಕೈಗೆ ನೆಮ್ಮದಿ ಅನ್ನಿಸಿದರೆ ಗಡುವು ಮುಗಿಯುವ ಮುಂಚೆ ಹೊಸದನ್ನು ಬಾಕ್ಸ್‌ಗೆ ಹಾಕಿ. ಹಾಕುವಾಗ ಕಂಪ್ಯೂಟರ್‌ಗೆ ಚುಚ್ಚಿದ ಡಾಂಗಲ್ ಮತ್ತು ಎಕ್ಸ್‌ಟೆನ್ಶನ್ ಕೇಬಲ್‌ನ ತುದಿಯ ಅಡಾಪ್ಟರ್ ಮರೆಯಬೇಡಿ, ವಾಪಸ್ ಕಳಿಸುವಾಗ ಹೆಚ್ಚಾಗಿ ಮನೆಯಲ್ಲೇ ಉಳಿದುಬಿಡುವುದು ಅವೆರಡೇ.